ಹಾಲಿನ ಜಿಡ್ಡಿನಾಂಶ ಮತ್ತು ಪೂರಕ ಪಶು ಆಹಾರ: ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳ ಹೈನುಗಾರರಿಗೆ ಮಾಹಿತಿ

ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಹಾಲಿನ ದರವು ಅದರ ಗುಣಮಟ್ಟವನ್ನು ಅವಲಂಬಿಸಿರುತ್ತದೆ. ಆಕಳ ಹಾಲಿನಲ್ಲಿ ಜಿಡ್ಡು ಕನಿಷ್ಠ ಶೇ. 3.2 ಹಾಗೂ ಜಿಡ್ಡೇತರ ಘನಾಂಶ ಕನಿಷ್ಠ ಶೇ. 8.3 ಇರತಕ್ಕದ್ದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ನಿಗದಿಪಡಿಸಿದೆ. ಜಿಡ್ಡು ಇಳಿದಾಗ ನುಚ್ಚು, ತೌಡುಗಳನ್ನು ಹೆಚ್ಚಿಸುವ ರೂಢಿಯಿದೆ. ಮೇವನ್ನು ಕಡಿಮೆ ಮಾಡಿ ಇವುಗಳನ್ನು ಹೆಚ್ಚಿಸಿದಲ್ಲಿ ಜಿಡ್ಡು ಮತ್ತಷ್ಟು ಇಳಿಯುತ್ತದೆ.

ಜೀರ್ಣಕ್ರಿಯೆ ಮತ್ತು ಜಿಡ್ಡು

ಆಕಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳು ಮೇವಿನ ನಾರನ್ನು ಹುದುಗಿಸಿ ಅಸಿಟಿಕ್ ಆಮ್ಲವನ್ನು ಉತ್ಪಾದಿಸುತ್ತವೆ. ಕೆಚ್ಚಲು ಇದರಿಂದ ಜಿಡ್ಡನ್ನು ತಯಾರಿಸುತ್ತದೆ. ನಾರಿನ ಮೇವು ಮೆಲುಕನ್ನು ಹೆಚ್ಚಿಸುತ್ತದೆ. ಮೆಲುಕಿನೊಡನೆ ಸ್ರವಿಸುವ ಜೊಲ್ಲು ಹೊಟ್ಟೆಯ ಹುಳಿಯನ್ನು ತಗ್ಗಿಸುತ್ತದೆ. ಕಾಳು, ನುಚ್ಚು ಅತಿಯಾದಲ್ಲಿ ಹುಳಿ ಹೆಚ್ಚಿ, ನಾರನ್ನು ಕರಗಿಸುವ ಸೂಕ್ಷ್ಮಾಣುಗಳು ಕ್ಷೀಣಿಸುತ್ತವೆ. ಎಣ್ಣೆ ತೆಗೆಯದ ಅಕ್ಕಿ ತೌಡು ಅತಿಯಾದಲ್ಲಿಯೂ ಅದರ ಎಣ್ಣೆಯು ಇವುಗಳ ಕಾರ್ಯಕ್ಕೆ ಅಡ್ಡಿಯಾಗುತ್ತದೆ.

ಸ್ಥಳೀಯ ಮೇವು

ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರು ಭಾಗದಲ್ಲಿ ಭತ್ತದ ಹುಲ್ಲು ಹೇರಳವಾಗಿ ದೊರೆಯುತ್ತದೆ. ಇದರಲ್ಲಿ ಸಸಾರಜನಕ ಕಡಿಮೆ. ಇದರ ಆಕ್ಸಲೇಟ್ ಅಂಶವು ಸುಣ್ಣದಂಶ ದೇಹಕ್ಕೆ ದೊರೆಯದಂತೆ ಮಾಡುತ್ತದೆ. ಆದ್ದರಿಂದ ಹುಲ್ಲೊಂದನ್ನೇ ನಂಬುವುದು ಸೂಕ್ತವಲ್ಲ. ಲಿಂಗಸುಗೂರು ಹಾಗೂ ಮಸ್ಕಿಯ ಒಣಭೂಮಿಯಲ್ಲಿ ದೊರೆಯುವ ಜೋಳದ ಕಣಿಕೆಯನ್ನು ಕತ್ತರಿಸಿ, ಹಸಿಮೇವಿನೊಂದಿಗೆ ನೀಡುವುದು ಉತ್ತಮ.

ಹುಲ್ಲಿನ ಯೂರಿಯಾ ಉಪಚಾರ: 100 ಕಿ.ಗ್ರಾಂ ಒಣ ಹುಲ್ಲಿಗೆ 4 ಕಿ.ಗ್ರಾಂ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ಣವಾಗಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಡತಕ್ಕದ್ದು. ನೀಡುವ ಮೊದಲು ಗಾಳಿಗೆ ಹರಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ನೀಡಬಾರದು. ಯೂರಿಯಾ ಕರಗಿದ ನೀರು ವಿಷವಾದ್ದರಿಂದ ಜಾನುವಾರುಗಳಿಗೆ ಸಿಗದಂತೆ ಇರಿಸಬೇಕು.

ಪೂರಕ ಆಹಾರದ ಪ್ರಮಾಣ

1. ಸಮತೋಲನ ಪಶು ಆಹಾರ: ದೇಹಪೋಷಣೆಗೆ ದಿನಕ್ಕೆ 1ರಿಂದ 1.5 ಕಿ.ಗ್ರಾಂ, ಇದಲ್ಲದೆ ಪ್ರತಿ 2.5 ಲೀಟರ್ ಹಾಲಿಗೆ 1 ಕಿ.ಗ್ರಾಂ.
2. ಖನಿಜ ಮಿಶ್ರಣ: ಹಾಲು ಕೊಡುವ ಆಕಳಿಗೆ ದಿನಕ್ಕೆ 50 ಗ್ರಾಂ.
3. ಹತ್ತಿಕಾಳು ಹಿಂಡಿ, ಶೇಂಗಾ ಹಿಂಡಿ: ಸಸಾರಜನಕಕ್ಕಾಗಿ ಮಿತವಾಗಿ. ಬೂಷ್ಟು ಹಿಡಿದ ಹಿಂಡಿಯ ವಿಷವು ಹಾಲಿಗೂ ಸೇರುವುದರಿಂದ ಅದನ್ನು ನೀಡಬಾರದು.
4. ಅಡುಗೆ ಸೋಡಾ, ಬೈಪಾಸ್ ಕೊಬ್ಬು: ಹೆಚ್ಚು ಹಾಲು ಕೊಡುವ ಆಕಳುಗಳಿಗೆ ಪಶುವೈದ್ಯರ ಸಲಹೆಯಂತೆ ಮಾತ್ರ. ಸೋಡಾ ಹುಳಿಯನ್ನು ತಗ್ಗಿಸುತ್ತದೆ. ಬೈಪಾಸ್ ಕೊಬ್ಬು ನಾರಿನ ಜೀರ್ಣಕ್ಕೆ ಅಡ್ಡಿಯಾಗದೆ ಶಕ್ತಿ ಒದಗಿಸುತ್ತದೆ.

ಗಮನಿಸಬೇಕಾದ ಅಂಶಗಳು

ಆಹಾರ ಬದಲಾವಣೆಯನ್ನು 10ರಿಂದ 15 ದಿನಗಳಲ್ಲಿ ಹಂತ ಹಂತವಾಗಿ ಮಾಡತಕ್ಕದ್ದು. ಕೊನೆಯಲ್ಲಿ ಕರೆಯುವ ಹಾಲಿನಲ್ಲಿಯೇ ಜಿಡ್ಡು ಹೆಚ್ಚಿರುವುದರಿಂದ ಕೆಚ್ಚಲನ್ನು ಪೂರ್ಣವಾಗಿ ಕರೆಯಬೇಕು. ತಳಿ, ಕರು ಹಾಕಿದ ಅವಧಿ ಹಾಗೂ ಕೆಚ್ಚಲು ಬಾವು ಸಹ ಜಿಡ್ಡಿನ ಮೇಲೆ ಪರಿಣಾಮ ಬೀರುತ್ತವೆ.

ಅನ್ನ, ನುಚ್ಚು ಅಥವಾ ಕಾಳನ್ನು ಒಮ್ಮೆಲೇ ಹೆಚ್ಚು ತಿಂದ ಆಕಳು ಮೇವು ಬಿಟ್ಟು, ಮೆಲುಕು ನಿಲ್ಲಿಸಿ, ತೆಳು ಸಗಣಿ ಹಾಕಿದಲ್ಲಿ ಅದು ಪ್ರಾಣಾಪಾಯದ ಲಕ್ಷಣ. ಮನೆ ಮದ್ದಿನಲ್ಲಿ ಕಾಲ ಕಳೆಯದೆ ಹತ್ತಿರದ ಪಶು ಆಸ್ಪತ್ರೆಯನ್ನು ಅಥವಾ 1962 ಸಹಾಯವಾಣಿಯನ್ನು ಕೂಡಲೇ ಸಂಪರ್ಕಿಸತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ತಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯನ್ನು ಸಂಪರ್ಕಿಸುವುದು. ಸಲಹೆ ಕೋರುವಾಗ ಆಕಳು ಕರು ಹಾಕಿದ ದಿನಾಂಕ, ದಿನದ ಹಾಲಿನ ಪ್ರಮಾಣ, ನೀಡುತ್ತಿರುವ ಮೇವು ಹಾಗೂ ಸಂಘದಲ್ಲಿ ದಾಖಲಾದ ಜಿಡ್ಡಿನ ವಿವರಗಳನ್ನು ಒದಗಿಸಬೇಕಾಗಿ ಕೋರಲಾಗಿದೆ.