ದೂರಬೋಧನೆಯ ದಿನಬಳಕೆ ಸಾಮಗ್ರಿಗಳು

ದೂರಬೋಧನೆಯ ದಿನಬಳಕೆ ಸಾಮಗ್ರಿಗಳು ಎಂದರೆ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಬೇರೆ ಬೇರೆ ಸ್ಥಳಗಳಲ್ಲಿದ್ದು ನಡೆಸುವ ಬೋಧನೆಯಲ್ಲಿ ಮೊಬೈಲ್ ಫೋನ್, ಗಣಕಯಂತ್ರ ಮತ್ತು ತಂತ್ರಾಂಶಗಳ ಜೊತೆಗೆ ನೆರವಿಗೆ ಬರುವ ಸಾಮಾನ್ಯ ಗೃಹೋಪಯೋಗಿ ವಸ್ತುಗಳು. ಫೋನಿಗೆ ಆಸರೆಯಾಗುವ ಡಬ್ಬಿ, ಪುಸ್ತಕದ ರಾಶಿ, ತಂತಿಯ ಇಯರ್‌ಫೋನ್, ಕಿಟಕಿಯ ಬೆಳಕು, ದಪ್ಪ ಮೊನೆಯ ಪೆನ್ನು, ಗೋಡೆಗೆ ಕಟ್ಟಿದ ಹೊದಿಕೆ, ಹುಣಸೆ ಬೀಜ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಎಲ್ಲರಿಗೂ ಕಾಣುವ ಹಲಗೆ, ಎಲ್ಲರಿಗೂ ಕೇಳುವ ಧ್ವನಿ, ಕೈಗೆ ಸಿಗುವ ಕಲಿಕೋಪಕರಣ, ಇವನ್ನೆಲ್ಲ ಶಾಲೆಯ ಕೋಣೆ ತಾನಾಗಿಯೇ ಒದಗಿಸುತ್ತದೆ. ಮನೆಯಿಂದ ಪಾಠ ಮಾಡುವ ಶಿಕ್ಷಕರು ಇವನ್ನು ಒಂದೊಂದಾಗಿ ಕಟ್ಟಿಕೊಳ್ಳಬೇಕಾಗುತ್ತದೆ. ೨೦೨೦–೨೧ರ ಕೋವಿಡ್-೧೯ ಸಾಂಕ್ರಾಮಿಕದ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಈ ಸಾಮಗ್ರಿಗಳ ಬಳಕೆ ಭಾರತದಲ್ಲಿ ವ್ಯಾಪಕವಾಯಿತು.

ಹಿನ್ನೆಲೆ

ದೂರಬೋಧನೆಯು ಆರಂಭದಿಂದಲೂ ಅಗ್ಗದ ವಸ್ತುಗಳನ್ನು ಅವಲಂಬಿಸಿದೆ. ೧೮೪೦ರ ದಶಕದಲ್ಲಿ ಐಸಾಕ್ ಪಿಟ್‌ಮನ್ ಇಂಗ್ಲೆಂಡಿನಲ್ಲಿ ಅಂಚೆಯ ಮೂಲಕ ಶೀಘ್ರಲಿಪಿಯನ್ನು ಕಲಿಸಿದ್ದು, ಅಲ್ಲಿ ಆಗತಾನೆ ಜಾರಿಗೆ ಬಂದಿದ್ದ ಒಂದು ಪೆನ್ನಿ ದರದ ಅಂಚೆ ವ್ಯವಸ್ಥೆಯಿಂದ ಸಾಧ್ಯವಾಯಿತು. ೧೯೩೭ರಲ್ಲಿ ಪೋಲಿಯೊ ಹರಡಿದ ಕಾರಣ ಅಮೆರಿಕದ ಶಿಕಾಗೊ ನಗರದ ಶಾಲೆಗಳು ತಡವಾಗಿ ತೆರೆದವು. ಆಗ ಅಲ್ಲಿನ ಮಕ್ಕಳಿಗೆ ರೇಡಿಯೊ ಮೂಲಕ ಪಾಠಗಳು ಪ್ರಸಾರವಾದವು; ಪಾಠದ ವೇಳಾಪಟ್ಟಿ ಮತ್ತು ಅಭ್ಯಾಸಗಳು ದಿನಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದುದರಿಂದ ಪತ್ರಿಕೆಯೇ ಮನೆಯ ಕಪ್ಪುಹಲಗೆಯಾಯಿತು. ಆಸ್ಟ್ರೇಲಿಯದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ೧೯೫೧ರಲ್ಲಿ ಪ್ರಾರಂಭವಾದ ‘ಆಕಾಶದ ಶಾಲೆ’ಯು ದೂರದ ಜಾನುವಾರು ನೆಲೆಗಳ ಮಕ್ಕಳನ್ನು ತಲುಪಲು ಹಾರುವ ವೈದ್ಯರ ಸೇವೆಯ ರೇಡಿಯೊ ಜಾಲವನ್ನೇ ಬಳಸಿಕೊಂಡಿತು.

ಭಾರತದಲ್ಲಿ ೧೯೭೫ರ ಆಗಸ್ಟ್‌ನಿಂದ ೧೯೭೬ರ ಜುಲೈವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳನ್ನು ಒಳಗೊಂಡಿತ್ತು. ಕರ್ನಾಟಕದ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಈ ಹಳ್ಳಿಗಳಲ್ಲಿ ನಿಲ್ಲಿಸಿದ್ದ ಸುಮಾರು ೩ ಮೀಟರ್ ವ್ಯಾಸದ ಗ್ರಾಹಕ ಆಂಟೆನಾಗಳನ್ನು ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ತಯಾರಿಸಲಾಗಿತ್ತು. ಉಪಗ್ರಹ ಅಮೆರಿಕದ್ದು, ಬಲೆ ಸಂತೆಯಲ್ಲಿ ಸಿಗುವಂಥದ್ದು.

೨೦೨೦ರಲ್ಲಿ ಸನ್ನಿವೇಶ ಬೇರೆಯಾಗಿತ್ತು. ಮಾರ್ಚ್ ೨೫ರಿಂದ ಜಾರಿಗೆ ಬಂದ ರಾಷ್ಟ್ರವ್ಯಾಪಿ ಲಾಕ್‌ಡೌನ್‌ನಲ್ಲಿ ಪಾಠವನ್ನು ರೂಪಿಸುವ ಹೊಣೆ ಕೇಂದ್ರದ ಸ್ಟುಡಿಯೊದಿಂದ ಪ್ರತಿಯೊಬ್ಬ ಶಿಕ್ಷಕರ ಮನೆಗೆ ಬಂದಿತು. ಛಾಯಾಗ್ರಾಹಕ, ಧ್ವನಿತಂತ್ರಜ್ಞ, ಬೆಳಕಿನ ವ್ಯವಸ್ಥಾಪಕ, ಈ ಎಲ್ಲರ ಕೆಲಸವನ್ನೂ ಒಬ್ಬರೇ ವಹಿಸಿಕೊಳ್ಳಬೇಕಾಯಿತು. ಅಂಗಡಿಗಳು ಮುಚ್ಚಿದ್ದ ಆ ವಾರಗಳಲ್ಲಿ ಮನೆಯೊಳಗೆ ಇದ್ದ ವಸ್ತುಗಳೇ ಗತಿಯಾದವು.

ಫೋನಿನ ಆಸರೆ

ಕೈಬರಹವನ್ನು ತೋರಿಸುವುದು ಮೊದಲ ಸಮಸ್ಯೆ. ಗಣಿತದ ಲೆಕ್ಕವಾಗಲಿ, ರಸಾಯನಶಾಸ್ತ್ರದ ಸಮೀಕರಣವಾಗಲಿ, ಕನ್ನಡ ಅಕ್ಷರದ ತಿದ್ದುವಿಕೆಯಾಗಲಿ, ಬರೆದು ಮುಗಿದ ರೂಪಕ್ಕಿಂತ ಬರೆಯುವ ಕ್ರಮವೇ ಅಲ್ಲಿ ಪಾಠ. ಅದಕ್ಕೆ ಕ್ಯಾಮೆರಾ ಹಾಳೆಯ ನೇರ ಮೇಲೆ, ಅಲುಗಾಡದೆ, ಎರಡೂ ಕೈಗಳು ಬಿಡುವಾಗಿರುವಂತೆ ನಿಲ್ಲಬೇಕು. ಈ ಕೆಲಸಕ್ಕೆಂದೇ ತಯಾರಾಗುವ ಡಾಕ್ಯುಮೆಂಟ್ ಕ್ಯಾಮೆರಾ ದುಬಾರಿ.

೨೦೨೦ರ ಜೂನ್‌ನಲ್ಲಿ ಪುಣೆಯ ರಸಾಯನಶಾಸ್ತ್ರ ಶಿಕ್ಷಕಿಯೊಬ್ಬರು ಬಟ್ಟೆ ತೂಗುಹಾಕುವ ಹ್ಯಾಂಗರ್‌ಗೆ ಫೋನನ್ನು ಸಿಕ್ಕಿಸಿ, ಬಟ್ಟೆಯ ಪಟ್ಟಿಗಳಿಂದ ಮೇಲಕ್ಕೂ ಕೆಳಗಿನ ಕುರ್ಚಿಗೂ ಕಟ್ಟಿ, ಕಪ್ಪುಹಲಗೆಯೆದುರು ಪಾಠ ಮಾಡಿದ ದೃಶ್ಯ ದೇಶದಾದ್ಯಂತ ಹರಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೊಂದು ಚಿತ್ರ ಪ್ರಚಾರ ಪಡೆಯಿತು: ರೆಫ್ರಿಜರೇಟರ್‌ನ ಪಾರದರ್ಶಕ ತಟ್ಟೆಯನ್ನು ಎರಡು ಡಬ್ಬಿಗಳ ಮೇಲೆ ಸೇತುವೆಯಂತೆ ಇಟ್ಟು, ಅದರ ಮೇಲೆ ಫೋನನ್ನು ಮಲಗಿಸಿ, ಕೆಳಗೆ ಹಾಳೆಯಲ್ಲಿ ಬರೆಯುವ ಶಿಕ್ಷಕಿಯ ಚಿತ್ರ. ಎರಡರಲ್ಲಿ ಎರಡನೆಯ ವಿಧಾನವೇ ಹೆಚ್ಚು ಅನುಕೂಲಕರ. ಕಟ್ಟಿದ ಹ್ಯಾಂಗರ್ ಫ್ಯಾನಿನ ಗಾಳಿಗೆ ತೂಗಬಹುದು, ತಟ್ಟೆ ತೂಗುವುದಿಲ್ಲ. ಫೋನಿನ ಭಾರ ಗಂಟಿನ ಮೇಲೆ ಬೀಳದೆ ಸಮತಟ್ಟಾದ ಮೇಲ್ಮೈಯ ಮೇಲೆ ಹರಡುತ್ತದೆ. ಡಬ್ಬಿಗಳು ಸುಮಾರು ೩೦ ಸೆಂಟಿಮೀಟರ್ ಎತ್ತರವಿದ್ದರೆ ಸಾಮಾನ್ಯ ಫೋನಿನ ಕ್ಯಾಮೆರಾದಲ್ಲಿ ಒಂದು ಎ೪ ಹಾಳೆ ಬಹುತೇಕ ಪೂರ್ಣವಾಗಿ ಕಾಣುತ್ತದೆ. ಹಗುರವಾದ ಡಬ್ಬಿಗೆ ಅಕ್ಕಿ ಅಥವಾ ಮರಳನ್ನು ತುಂಬಿದರೆ ಮೊಣಕೈ ತಗಲಿದರೂ ಉರುಳುವುದಿಲ್ಲ.

ಲ್ಯಾಪ್‌ಟಾಪ್ ಮಾತ್ರ ಇರುವಲ್ಲಿ ಅದರ ಕ್ಯಾಮೆರಾದ ಮುಂದೆ ಓರೆಯಾಗಿ ಚಿಕ್ಕ ಕನ್ನಡಿಯನ್ನೋ ಹಳೆಯ ಸಿ.ಡಿ.ಯನ್ನೋ ಅಂಟಿಸಿ, ಮೇಜಿನ ಮೇಲಿನ ಹಾಳೆಯ ಪ್ರತಿಬಿಂಬವನ್ನು ತೋರಿಸುವ ಉಪಾಯವೂ ಬಳಕೆಗೆ ಬಂದಿತು. ಆದರೆ ಕನ್ನಡಿಯಲ್ಲಿ ಬರಹ ತಿರುವುಮುರುವಾಗುತ್ತದೆ. ಚಿತ್ರವನ್ನು ಮತ್ತೆ ತಿರುಗಿಸುವ ತಂತ್ರಾಂಶವಿಲ್ಲದಿದ್ದರೆ ವಿದ್ಯಾರ್ಥಿಗಳಿಗೆ ಅದು ಓದಲಾಗದು. ಇದನ್ನು ಮುಂಬದಿಯ ಕ್ಯಾಮೆರಾದ ತಿರುವುಮುರುವಿನೊಡನೆ ಬೆರೆಸಬಾರದು. ಝೂಮ್, ಗೂಗಲ್ ಮೀಟ್‌ನಂತಹ ವೇದಿಕೆಗಳು ಶಿಕ್ಷಕರಿಗೆ ತೋರಿಸುವ ಅವರದೇ ಚಿತ್ರವು ಕನ್ನಡಿಯಲ್ಲಿದ್ದಂತೆ ತಿರುಗಿರುತ್ತದೆಯಾದರೂ ವಿದ್ಯಾರ್ಥಿಗಳಿಗೆ ಅಕ್ಷರಗಳು ನೇರವಾಗಿಯೇ ಕಾಣುತ್ತವೆ.

ಬರೆಯುವ ಸಾಮಗ್ರಿಗಳು

ಹಲವು ವಿದ್ಯಾರ್ಥಿಗಳು ಪಾಠವನ್ನು ನೋಡುವುದು ಫೋನಿನ ಪರದೆಯಲ್ಲಿ. ಎ೪ ಹಾಳೆಯೊಂದು ಪೂರ್ತಿಯಾಗಿ ಆ ಪರದೆಯಲ್ಲಿ ಕಂಡಾಗ ಅದರ ಅಳತೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಜೊತೆಗೆ ಅಂತರಜಾಲದ ವೇಗ ಕುಗ್ಗಿದಾಗ ವೀಡಿಯೊದ ಸೂಕ್ಷ್ಮ ಗೆರೆಗಳು ಮಸುಕಾಗುತ್ತವೆ. ಕನ್ನಡ ಲಿಪಿಗೆ ಇದರಿಂದಾಗುವ ತೊಂದರೆ ಹೆಚ್ಚು. ‘ದ’ ಮತ್ತು ‘ಧ’, ‘ಪ’ ಮತ್ತು ‘ಫ’ ಅಕ್ಷರಗಳ ನಡುವಿನ ವ್ಯತ್ಯಾಸ ಬುಡದಲ್ಲಿರುವ ಒಂದು ಸಣ್ಣ ಸೀಳು. ‘ಕತೆ’ಯನ್ನು ‘ಕತ್ತೆ’ ಮಾಡುವುದು ಸಾಲಿನ ಕೆಳಗಿನ ಒಂದು ಒತ್ತು. ಬಾಲ್‌ಪೆನ್ನಿನ ತೆಳುಗೆರೆಯಲ್ಲಿ ಇವು ಪರದೆಯ ಮೇಲೆ ಅಳಿಸಿಹೋಗುತ್ತವೆ. ಆದ್ದರಿಂದ ಕಪ್ಪು ಬಣ್ಣದ ಸ್ಕೆಚ್ ಪೆನ್ನು ಅಥವಾ ಮಾರ್ಕರ್, ಗೆರೆಯಿಲ್ಲದ ಬಿಳಿ ಹಾಳೆ, ಒತ್ತಕ್ಷರಕ್ಕೆ ಜಾಗ ಬಿಟ್ಟು ಬರೆಯುವ ಅಗಲ ಸಾಲು, ಒಂದು ಹಾಳೆಗೆ ನಾಲ್ಕೈದು ಸಾಲಿನ ಮಿತಿ ಇವು ಉಪಯುಕ್ತವೆನಿಸಿವೆ.

ಹಾಳೆಯನ್ನು ಉಳಿಸಲು ಪಾರದರ್ಶಕ ಪ್ಲಾಸ್ಟಿಕ್ ಕಡತದೊಳಗೆ ಬಿಳಿ ಕಾಗದವನ್ನಿಟ್ಟು ಅದರ ಮೇಲೆ ಅಳಿಸಬಹುದಾದ ಮಾರ್ಕರ್‌ನಿಂದ ಬರೆಯುವ ಪದ್ಧತಿಯಿದೆ. ಮಕ್ಕಳೂ ಹೀಗೆಯೇ ಉತ್ತರ ಬರೆದು ಕ್ಯಾಮೆರಾಕ್ಕೆ ಹಿಡಿದರೆ ಇಡೀ ತರಗತಿಯ ಉತ್ತರವನ್ನು ಒಂದೇ ನೋಟದಲ್ಲಿ ಪರಿಶೀಲಿಸಬಹುದು; ಇಲ್ಲಿ ಹಳೆಯ ಸ್ಲೇಟು ಮತ್ತು ಬಳಪವೂ ಅಷ್ಟೇ ಸಮರ್ಥ. ವಾಸ್ತವದಲ್ಲಿ ಸ್ಲೇಟು ಒಂದು ವಿಷಯದಲ್ಲಿ ಮೇಲು: ಪ್ಲಾಸ್ಟಿಕ್ ಮತ್ತು ಬಿಳಿಹಲಗೆಗಳ ನುಣುಪು ಮೇಲ್ಮೈ ದೀಪದ ಬೆಳಕನ್ನು ನೇರವಾಗಿ ಕ್ಯಾಮೆರಾಕ್ಕೆ ಪ್ರತಿಫಲಿಸಿ ಬರಹವನ್ನು ಮುಚ್ಚಿಬಿಡುತ್ತದೆ, ಒರಟಾದ ಕಪ್ಪುಹಲಗೆಯಲ್ಲಿ ಈ ಕಾಟ ಕಡಿಮೆ. ಬಿಳಿಹಲಗೆಯನ್ನೇ ಬಳಸುವುದಾದರೆ ಅದನ್ನು ಸ್ವಲ್ಪ ಓರೆಯಾಗಿ ತಿರುಗಿಸಿದರೆ ಹೊಳಪು ಬೇರೆಡೆಗೆ ಸರಿಯುತ್ತದೆ.

ಧ್ವನಿ ಮತ್ತು ಬೆಳಕು

ಚಿತ್ರ ಕೆಟ್ಟರೂ ಪಾಠ ಸಾಗಬಹುದು, ಧ್ವನಿ ಕೆಟ್ಟರೆ ಸಾಗುವುದಿಲ್ಲ. ಫೋನಿನ ಜೊತೆ ಬರುತ್ತಿದ್ದ ಸಾದಾ ತಂತಿಯ ಇಯರ್‌ಫೋನ್ ಈ ಕಾರಣಕ್ಕೆ ಅತ್ಯಂತ ಪ್ರಯೋಜನಕಾರಿ ವಸ್ತುಗಳಲ್ಲೊಂದು. ಅದರ ಮೈಕ್ ಬಾಯಿಯ ಸಮೀಪದಲ್ಲಿರುವುದರಿಂದ ಫ್ಯಾನ್, ಕುಕ್ಕರ್, ಬೀದಿಯ ವಾಹನಗಳ ಸದ್ದಿಗಿಂತ ಮಾತು ಮುಂದಾಗುತ್ತದೆ. ಮೈಕ್‌ನ ದೂರವನ್ನು ಅರ್ಧಕ್ಕೆ ಇಳಿಸಿದರೆ ಧ್ವನಿಯ ಮಟ್ಟ ಸುಮಾರು ೬ ಡೆಸಿಬೆಲ್ ಏರುತ್ತದೆ. ಸ, ಶ, ಷ ಧ್ವನಿಗಳ ಶಕ್ತಿ ಬಹುಪಾಲು ಮೇಲಿನ ಆವರ್ತನಗಳಲ್ಲಿದೆ. ೩೦೦ರಿಂದ ೩,೪೦೦ ಹರ್ಟ್ಸ್ ವ್ಯಾಪ್ತಿಯ ಸಾಂಪ್ರದಾಯಿಕ ದೂರವಾಣಿ ಕರೆಯಲ್ಲಿ ಪಾಠ ಕೇಳುವ ಮಗುವಿಗೆ ಇವುಗಳ ಭೇದ ತಿಳಿಯುವುದು ಕಷ್ಟ. ಅಂತಹ ಸಂದರ್ಭದಲ್ಲಿ ಪಠ್ಯಪುಸ್ತಕ ತೆರೆದಿರುವುದು ಅನಿವಾರ್ಯ.

ಖಾಲಿ ಗೋಡೆಗಳ ಕೋಣೆಯಲ್ಲಿ ಧ್ವನಿ ಮಾರ್ದನಿಸುತ್ತದೆ. ಹಾಸಿಗೆ, ಕಂಬಳಿ, ಕೌದಿ, ಬಟ್ಟೆ ತುಂಬಿದ ಕಪಾಟು ಮುಂತಾದವು ಅದನ್ನು ಹೀರಿಕೊಳ್ಳುತ್ತವೆ. ಶಿಕ್ಷಕರ ಹಿಂದೆ ಕಟ್ಟಿದ ಹೊದಿಕೆಯಿಂದ ಎರಡು ಉಪಯೋಗ: ಮಾರ್ದನಿ ತಗ್ಗುತ್ತದೆ, ಮನೆಯವರ ಓಡಾಟ ಮರೆಯಾಗುತ್ತದೆ. ತಂತ್ರಾಂಶದ ಕೃತಕ ಹಿನ್ನೆಲೆಗಿಂತ ಇದು ಮೇಲು, ಏಕೆಂದರೆ ಕೃತಕ ಹಿನ್ನೆಲೆಯು ಶಿಕ್ಷಕರು ಎತ್ತಿ ತೋರಿಸುವ ವಸ್ತುವನ್ನೂ ಕೆಲವೊಮ್ಮೆ ಹಿನ್ನೆಲೆಯೆಂದೇ ತಿಳಿದು ಅಳಿಸಿಹಾಕುತ್ತದೆ. ಬೆಳಕಿಗೆ ಕಿಟಕಿ ಸಾಕು. ಆದರೆ ಅದು ಬೆನ್ನ ಹಿಂದಿರದೆ ಮುಖದ ಎದುರಿಗಿರಬೇಕು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬಂದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ.

ಕಲಿಕೋಪಕರಣಗಳಾಗಿ ಅಡುಗೆಮನೆಯ ವಸ್ತುಗಳು

ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯು ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದುದು. ಕಾರ್ಡುಗಳು, ಕಲಿಕಾ ಏಣಿ ಮತ್ತು ಗುಂಪು ಚಟುವಟಿಕೆಗಳು ಅದರ ಆಧಾರ. ಶಾಲೆ ಮುಚ್ಚಿದಾಗ ಈ ಸಾಮಗ್ರಿಗಳೂ ಬೀಗದೊಳಗೆ ಉಳಿದವು. ಕೈಯಿಂದ ಮುಟ್ಟಿ ಕಲಿಯಬೇಕಾದ ಸಣ್ಣ ಮಕ್ಕಳಿಗೆ ಪರದೆಯ ಚಿತ್ರ ಸಾಲದು. ಆದ್ದರಿಂದ ಎರಡೂ ಮನೆಗಳಲ್ಲಿ ಇರುವ ವಸ್ತುವನ್ನು ಆರಿಸುವುದು ದೂರಬೋಧನೆಯ ಮುಖ್ಯ ಕೌಶಲ. ಹುಣಸೆ ಬೀಜಗಳಿಂದ ಎಣಿಕೆ, ಹತ್ತರ ಕಟ್ಟುಗಳಾಗಿ ಕಟ್ಟಿದ ಪೊರಕೆಕಡ್ಡಿಗಳಿಂದ ಸ್ಥಾನಬೆಲೆ, ರೊಟ್ಟಿಯನ್ನು ಮಡಿಸಿ ಭಿನ್ನರಾಶಿ, ಲೋಟ ಮತ್ತು ತಂಬಿಗೆಯಿಂದ ಅಳತೆ ಇವು ಸುಲಭ ಉದಾಹರಣೆಗಳು. ವಿಜ್ಞಾನದಲ್ಲಿ ಅರಿಶಿನ ಹಚ್ಚಿದ ಕಾಗದವು ಸಾಬೂನಿನ ನೀರಿಗೆ ಕೆಂಪಾಗುವುದು, ಕೆಂಪು ದಾಸವಾಳದ ರಸವು ನಿಂಬೆರಸ ಮತ್ತು ಸೋಡಾಕ್ಕೆ ಬೇರೆ ಬೇರೆ ಬಣ್ಣ ತಾಳುವುದು ಆಮ್ಲ–ಪ್ರತ್ಯಾಮ್ಲಗಳ ಪಾಠಕ್ಕೆ ಪ್ರಯೋಗಾಲಯವಿಲ್ಲದೆಯೇ ಒದಗುತ್ತವೆ.

ವಿದ್ಯುತ್ತು, ಸಂಪರ್ಕ ಮತ್ತು ಸಮಯ

ವಿದ್ಯುತ್ ಕಡಿತದಲ್ಲಿ ಫೋನಿಗೆ ಪವರ್ ಬ್ಯಾಂಕ್, ರೂಟರ್‌ಗೆ ೧೨ ವೋಲ್ಟಿನ ಚಿಕ್ಕ ಯು.ಪಿ.ಎಸ್. ನೆರವಾಗುತ್ತವೆ. ಸಂಪರ್ಕ ದುರ್ಬಲವಾದಾಗ ವೀಡಿಯೊ ನಿಲ್ಲಿಸಿ ಧ್ವನಿಯನ್ನಷ್ಟೇ ಉಳಿಸಿಕೊಳ್ಳುವುದು ಸಾಮಾನ್ಯ ಉಪಾಯ. ಮಲೆನಾಡು ಮತ್ತು ಕೊಡಗಿನ ಹಲವು ಊರುಗಳಲ್ಲಿ ಅದೂ ಸಾಧ್ಯವಾಗಲಿಲ್ಲ. ವಿದ್ಯಾರ್ಥಿಗಳು ಸಂಕೇತ ಸಿಗುವ ಗುಡ್ಡಗಳ ಮೇಲೆ ಟಾರ್ಪಾಲಿನ್ ಕಟ್ಟಿ ಕುಳಿತರು, ಕೊಡಗಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ೨೦೨೧ರಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಪಾಠ ಮಾಡಿದರು.

ಗೋಡೆ ಗಡಿಯಾರ ಕ್ಯಾಮೆರಾದ ಹಿಂದೆ, ಶಿಕ್ಷಕರ ದೃಷ್ಟಿಗೆ ನೇರವಾಗಿದ್ದರೆ ಒಳ್ಳೆಯದು. ಝೂಮ್‌ನ ಉಚಿತ ಸಾಮೂಹಿಕ ಸಭೆಗೆ ೪೦ ನಿಮಿಷಗಳ ಮಿತಿಯಿದೆ. ಕೇಂದ್ರ ಶಿಕ್ಷಣ ಇಲಾಖೆಯು ೨೦೨೦ರ ಜುಲೈನಲ್ಲಿ ಪ್ರಕಟಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿಯು ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ ೩೦–೪೫ ನಿಮಿಷಗಳ ಎರಡು ಅವಧಿಗಳನ್ನು, ಒಂಬತ್ತರಿಂದ ಹನ್ನೆರಡಕ್ಕೆ ನಾಲ್ಕು ಅವಧಿಗಳನ್ನು ಮೀರಬಾರದೆಂದು ಸೂಚಿಸಿತು. ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲಿಟ್ಟು ಕಣ್ಣಿನ ಮಟ್ಟಕ್ಕೆ ತಂದರೆ ಕುತ್ತಿಗೆ ನೋವು ತಗ್ಗುತ್ತದೆ. ಎದುರಿಗೆ ಯಾರೂ ಕಾಣದಿದ್ದಾಗ ದೊಡ್ಡದಾಗಿ ಮಾತನಾಡುವ ಪ್ರವೃತ್ತಿ ಸಹಜವಾದ್ದರಿಂದ ಬೆಚ್ಚಗಿನ ನೀರಿನ ಫ್ಲಾಸ್ಕ್ ಅಲಂಕಾರದ ವಸ್ತುವಲ್ಲ.

ಮಿತಿಗಳು

ಶಿಕ್ಷಕರ ಮೇಜಿನ ಮೇಲಿನ ಯಾವ ಜಾಣ್ಮೆಯೂ ವಿದ್ಯಾರ್ಥಿಯ ಮನೆಯಲ್ಲಿ ಇಲ್ಲದ ಸಾಧನವನ್ನು ತುಂಬಿಕೊಡಲಾರದು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ೨೦೧೭–೧೮ರ ಸುತ್ತಿನ ಪ್ರಕಾರ ದೇಶದ ಸುಮಾರು ಶೇ. ೨೪ರಷ್ಟು ಕುಟುಂಬಗಳಿಗೆ ಮಾತ್ರ ಅಂತರಜಾಲ ಸೌಲಭ್ಯವಿತ್ತು; ಗ್ರಾಮೀಣ ಭಾಗದಲ್ಲಿ ಇದು ಸುಮಾರು ಶೇ. ೧೫. ೨೦೨೦ರ ‘ಅಸರ್’ ಸಮೀಕ್ಷೆಯು ಗ್ರಾಮೀಣ ಪ್ರದೇಶದಲ್ಲಿ ಶಾಲೆಗೆ ದಾಖಲಾದ ಮಕ್ಕಳ ಪೈಕಿ ಸುಮಾರು ಶೇ. ೬೨ರಷ್ಟು ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆಯೆಂದು ದಾಖಲಿಸಿತು. ಆದರೆ ಮನೆಯಲ್ಲಿ ಫೋನ್ ಇರುವುದು ಬೇರೆ, ಪಾಠದ ಹೊತ್ತಿಗೆ ಅದು ಮಗುವಿನ ಕೈಯಲ್ಲಿರುವುದು ಬೇರೆ. ದುಡಿಮೆಗೆ ಹೋದ ತಂದೆಯ ಜೇಬಿನಲ್ಲಿ ಫೋನೂ ಹೋಗಿರುತ್ತದೆ.

ಈ ಕಾರಣದಿಂದಲೇ ಪರದೆಯಿಲ್ಲದ ಮಾರ್ಗಗಳು ಹುಟ್ಟಿಕೊಂಡವು. ಕರ್ನಾಟಕದಲ್ಲಿ ೨೦೨೦ರ ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ ಬಂದ ವಿದ್ಯಾಗಮ ಯೋಜನೆಯಡಿ ಶಿಕ್ಷಕರು ದೇವಸ್ಥಾನದ ಅಂಗಳ, ಸಮುದಾಯ ಭವನ, ಮರದ ನೆರಳುಗಳಲ್ಲಿ ಸಣ್ಣ ಗುಂಪುಗಳಿಗೆ ಪಾಠ ಮಾಡಿದರು. ಇವು ವಠಾರ ಶಾಲೆಗಳೆಂದು ಹೆಸರಾದವು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಯೋಜನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಜಾರ್ಖಂಡ್‌ನ ದುಮ್ಕಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಮನೆಗಳ ಮಣ್ಣಿನ ಗೋಡೆಗಳ ಮೇಲೆಯೇ ಕಪ್ಪುಹಲಗೆಗಳನ್ನು ಬಳಿದು, ಮಕ್ಕಳು ತಮ್ಮ ತಮ್ಮ ಜಗುಲಿಯಲ್ಲಿ ಕುಳಿತಂತೆ ಶಿಕ್ಷಕರು ಧ್ವನಿವರ್ಧಕದೊಡನೆ ಓಡಾಡಿ ಕಲಿಸಿದರು.

ಇನ್ನೊಂದು ಮಿತಿ ಖರ್ಚಿನದು. ಡೇಟಾ, ಇಯರ್‌ಫೋನ್, ಮಾರ್ಕರ್‌ಗಳ ವೆಚ್ಚ ಹಲವೆಡೆ ಶಿಕ್ಷಕರ ಕೈಯಿಂದಲೇ ಹೋಯಿತು. ಅದೇ ಅವಧಿಯಲ್ಲಿ ಖಾಸಗಿ ಶಾಲೆಗಳ ಅನೇಕ ಶಿಕ್ಷಕರ ಸಂಬಳ ಕಡಿತವಾಗಿತ್ತು ಅಥವಾ ನಿಂತಿತ್ತು. ೨೦೨೧ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರವು ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಒಂದು ಬಾರಿಯ ನೆರವಾಗಿ ತಲಾ ೫,೦೦೦ ರೂಪಾಯಿಗಳನ್ನು ಘೋಷಿಸಿತು. ಮನೆವಸ್ತುಗಳ ಜಾಣ್ಮೆಯನ್ನು ಕೊಂಡಾಡುವ ಬರಹಗಳಲ್ಲಿ ಈ ಅಂಶ ಕಾಣಸಿಗುವುದು ಅಪರೂಪ.

ನಂತರದ ಬಳಕೆ

ಕರ್ನಾಟಕದಲ್ಲಿ ೨೦೨೧ರ ಆಗಸ್ಟ್ ೨೩ರಂದು ಒಂಬತ್ತರಿಂದ ಹನ್ನೆರಡನೇ ತರಗತಿಗಳು, ಅಕ್ಟೋಬರ್ ೨೫ರಂದು ಒಂದರಿಂದ ಐದನೇ ತರಗತಿಗಳು ಮರಳಿ ತೆರೆದವು. ಆ ಬಳಿಕ ಹ್ಯಾಂಗರ್‌ಗಳು ಕಪಾಟಿಗೆ ಹಿಂದಿರುಗಿದವಾದರೂ, ಫೋನಿನ ಆಸರೆ ಮತ್ತು ಇಯರ್‌ಫೋನ್‌ಗಳನ್ನು ಗೈರಾದ ಮಕ್ಕಳಿಗಾಗಿ ಪಾಠಗಳನ್ನು ಮುದ್ರಿಸಿ ಕಳುಹಿಸಲು ಬಳಸಬಹುದಾಗಿದೆ. ವಾಯುಮಾಲಿನ್ಯ ತೀವ್ರವಾದ ೨೦೨೪ರ ನವೆಂಬರ್‌ನಲ್ಲಿ ದೆಹಲಿಯ ಶಾಲೆಗಳು ಮತ್ತೆ ಕೆಲದಿನ ಆನ್‌ಲೈನ್ ತರಗತಿಗಳಿಗೆ ಮೊರೆಹೋದವು.