ಹಿತ್ತಾಳೆಯ ಮೇಲೆ ರೋಮಿನ ಸಾಮ್ರಾಜ್ಞಿಯರು

ವೆನಿಸ್ ನಗರದಲ್ಲಿ 1557ರಲ್ಲಿ ಒಂದು ಅಪರೂಪದ ಪುಸ್ತಕ ಅಚ್ಚಾಯಿತು. ಪಾರ್ಮಾ ಊರಿನ ಕೆತ್ತನೆಗಾರ ಎನಿಯಾ ವಿಕೊ, ರೋಮನ್ ಅರಮನೆಯ ಹೆಂಗಸರ ಮುಖಗಳನ್ನು ನಾಣ್ಯಗಳಿಂದ ನೋಡಿ ತಾಮ್ರದ ಫಲಕದಲ್ಲಿ ಕೆತ್ತಿ, ಅವರ ಜೀವನಕಥೆಗಳನ್ನೂ ಜೊತೆಗಿಟ್ಟಿದ್ದ. ಇಟಲಿಯಲ್ಲಿ ಹಳೆಯ ನಾಣ್ಯ ಕೂಡಿಡುವ ಹವ್ಯಾಸ ಅಷ್ಟರಲ್ಲಿ ಬೇರು ಬಿಟ್ಟಿತ್ತು. ಕವಿ ಪೆಟ್ರಾರ್ಕ್ 1354ರಲ್ಲೇ ದೊರೆ ನಾಲ್ಕನೆಯ ಚಾರ್ಲ್ಸ್‌ಗೆ ತನ್ನ ಸಂಗ್ರಹದ ನಾಣ್ಯಗಳನ್ನು ಉಡುಗೊರೆ ಕೊಟ್ಟಿದ್ದ. ಹೆಂಗಸರಿಗೇ ಒಂದು ಇಡೀ ಗ್ರಂಥ ಮೀಸಲಿಟ್ಟದ್ದು ವಿಕೊನ ಹಿರಿಮೆ.

ಈ ಹೆಂಗಸರ ಮುಖ ಹೊತ್ತ, ಬೆಳ್ಳಿ ಬಂಗಾರವಲ್ಲದ ನಾಣ್ಯಗಳನ್ನು ಸಂಗ್ರಾಹಕರು ಒಟ್ಟಾಗಿ ಕಂಚಿನ ನಾಣ್ಯ ಎನ್ನುತ್ತಾರೆ. ಆದರೆ ಇವುಗಳಲ್ಲಿ ದೊಡ್ಡದಾದ ಸೆಸ್ಟರ್ಷಿಯಸ್ ತಾಮ್ರಕ್ಕೆ ಸತು ಬೆರೆಸಿದ ಹಿತ್ತಾಳೆ. ತೂಕ ಸುಮಾರು 25 ಗ್ರಾಂ. ಅಂಥ ನಾಲ್ಕು ಸೇರಿದರೆ ಒಂದು ಬೆಳ್ಳಿಯ ಡೆನೇರಿಯಸ್. ಸಂತೆಯಲ್ಲಿ, ಅಂಗಡಿಯಲ್ಲಿ ಜನಸಾಮಾನ್ಯರ ಕೈಯಿಂದ ಕೈಗೆ ಓಡಾಡಿದ ಹಣವಿದು. ಅರಮನೆ ತನ್ನ ಹೆಂಗಸರನ್ನು ಜನರಿಗೆ ಹೇಗೆ ತೋರಿಸಲು ಬಯಸಿತೆಂಬುದು ಬಂಗಾರಕ್ಕಿಂತ ಇದರಲ್ಲೇ ಚೆನ್ನಾಗಿ ಕಾಣುತ್ತದೆ.

ಸಾಮ್ರಾಟ ಕ್ಯಾಲಿಗುಲಾ ಕ್ರಿ.ಶ. 37–38ರಲ್ಲಿ ಹೊರಡಿಸಿದ ಒಂದು ಸೆಸ್ಟರ್ಷಿಯಸ್‌ನ ಹಿಂಬದಿಯಲ್ಲಿ ಅವನ ಮೂವರು ತಂಗಿಯರು, ಅಗ್ರಿಪ್ಪಿನಾ, ಡ್ರೂಸಿಲ್ಲಾ ಮತ್ತು ಜೂಲಿಯಾ, ಹೆಸರಿನ ಸಮೇತ ನಿಂತಿದ್ದಾರೆ. ಒಬ್ಬಳು ಭದ್ರತೆಯ ದೇವಿ, ಒಬ್ಬಳು ಸೌಹಾರ್ದದ ದೇವಿ, ಇನ್ನೊಬ್ಬಳು ಅದೃಷ್ಟದೇವಿ. ಇನ್ನೊಂದು ನಾಣ್ಯವನ್ನು ಅವನು ತಾಯಿಯ ನೆನಪಿಗೆ ಹೊರಡಿಸಿದ. ಹಿಂದಿನ ಸಾಮ್ರಾಟ ಟೈಬೀರಿಯಸ್‌ನ ಕೋಪಕ್ಕೆ ಗುರಿಯಾಗಿ 33ರಲ್ಲಿ ದ್ವೀಪವೊಂದರ ಗಡೀಪಾರಿನಲ್ಲೇ ಸತ್ತ ಹಿರಿಯ ಅಗ್ರಿಪ್ಪಿನಾ ಅದರ ಮುಂಬದಿಯಲ್ಲಿ. ಹೇಸರಗತ್ತೆಗಳು ಎಳೆಯುವ ಮೆರವಣಿಗೆಯ ಬಂಡಿ ಹಿಂಬದಿಯಲ್ಲಿ. ಅವಮಾನದಲ್ಲಿ ಸತ್ತವಳಿಗೆ ಮಗ ಮಾನ ಮರಳಿಸಿದ ಬಗೆ ಅದು.

ಇಂದು ಸಂಗ್ರಾಹಕರಿಗೆ ಸುಲಭವಾಗಿ ಸಿಗುವವಳು ಹಿರಿಯ ಫೌಸ್ಟಿನಾ. ಅವಳು 140ರ ಸುಮಾರಿಗೆ ತೀರಿಕೊಂಡಳು. ಗಂಡ, ಸಾಮ್ರಾಟ ಆಂಟೊನೈನಸ್ ಪಿಯಸ್ ಅವಳನ್ನು ದೇವತೆಯೆಂದು ಸಾರಿ, 161ರಲ್ಲಿ ತಾನು ಸಾಯುವವರೆಗೂ ಅವಳ ಹೆಸರಿನಲ್ಲಿ ನಾಣ್ಯ ಹಾಕಿಸಿದ. ಅವಳ ಬದುಕಿನ ಕಾಲದ ನಾಣ್ಯಗಳಿಗಿಂತ ಸತ್ತ ಮೇಲಿನವೇ ಎಷ್ಟೋ ಹೆಚ್ಚು. ಮಗಳು ಕಿರಿಯ ಫೌಸ್ಟಿನಾಳ ನಾಣ್ಯಗಳ ತುಂಬ ಮಕ್ಕಳು: ಒಂದರಲ್ಲಿ ಎರಡು ಕೂಸುಗಳು ಅವಳ ತೋಳಿನಲ್ಲಿ, ನಾಲ್ಕು ಮಕ್ಕಳು ಕಾಲ ಬಳಿ. ವಂಶ ಉಳಿಯಿತೆಂಬ ಭರವಸೆ ಅದು.

ಆ ಭರವಸೆ ಎಲ್ಲರ ಪಾಲಿಗೂ ಉಳಿಯಲಿಲ್ಲ. ಸಾಮ್ರಾಟ ಕಾನ್‌ಸ್ಟಂಟೈನ್ 324ರಲ್ಲಿ ತಾಯಿ ಹೆಲೆನಾ ಮತ್ತು ಹೆಂಡತಿ ಫೌಸ್ಟಾ ಇಬ್ಬರಿಗೂ ‘ಆಗಸ್ಟಾ’ ಎಂಬ ಸಾಮ್ರಾಜ್ಞಿ ಪದವಿ ಕೊಟ್ಟ. ಎರಡು ಶಿಶುಗಳನ್ನು ಎತ್ತಿಕೊಂಡ ತಾಯಿ ಫೌಸ್ಟಾಳ ನಾಣ್ಯದ ಹಿಂಬದಿಯಲ್ಲಿ ಬಂದಳು. 326ರಲ್ಲಿ ಫೌಸ್ಟಾಳನ್ನೇ ಕೊಲ್ಲಿಸಲಾಯಿತು, ಅವಳ ನಾಣ್ಯಗಳೂ ನಿಂತವು. ಹೆಲೆನಾಳವು ಮುಂದುವರಿದವು.

ಬಲ್ಲವರು ಈ ನಾಣ್ಯಗಳಲ್ಲಿ ಮೊದಲು ನೋಡುವುದು ತಲೆಗೂದಲನ್ನು. ಹಿರಿಯ ಫೌಸ್ಟಿನಾ ಹೆರಳುಗಳನ್ನು ನೆತ್ತಿಯ ಮೇಲೆ ಸುತ್ತಿ ಕಟ್ಟಿದ್ದಾಳೆ. ಮಗಳದು ಹಿಂದಲೆಯ ತುರುಬು. ಸಿರಿಯಾದಿಂದ ಬಂದ ಸಾಮ್ರಾಜ್ಞಿ ಜೂಲಿಯಾ ಡೊಮ್ನಾಳದು ಕಿವಿಯವರೆಗೂ ಅಲೆಯಲೆಯಾಗಿ ಇಳಿಬಿಟ್ಟ ದಟ್ಟ ಕೂದಲು. ಅಕ್ಷರ ಸವೆದುಹೋದ ನಾಣ್ಯದ ಒಡತಿಯನ್ನು, ಕೈಮುರಿದ ಅಮೃತಶಿಲೆಯ ಪ್ರತಿಮೆಯ ಕಾಲವನ್ನು ಗುರುತಿಸಲು ಈ ಕೇಶಾಲಂಕಾರವೇ ಆಧಾರ.

ವಂಚಕರ ಉಳಿ ಬೀಳುವುದೂ ಅಲ್ಲಿಗೇ. ಸವೆದ ಸೆಸ್ಟರ್ಷಿಯಸ್‌ನ ಕೂದಲೆಳೆಗಳನ್ನು ಹೊಸದಾಗಿ ಕೊರೆದು ಬೆಲೆ ಏರಿಸುವ ಕಸುಬು ಹಳೆಯದು. ಪಡುವಾದ ಜೊವಾನ್ನಿ ಕವಿನೊ 16ನೆಯ ಶತಮಾನದಲ್ಲಿ ರೋಮನ್ ಸೆಸ್ಟರ್ಷಿಯಸ್‌ಗಳನ್ನು ಹೋಲುವ ಅಚ್ಚುಗಳನ್ನೇ ಕೆತ್ತಿದ. ಅವನ ಕೃತಿಗಳಿಗೆ ಈಗ ತಮ್ಮದೇ ಬೆಲೆಯಿದೆ. ಆದರೆ ಅಸಲಿ ನಾಣ್ಯದ ಮೇಲೆ ಹೊಸ ಉಳಿ ಆಡಿದರೆ ಸಾಕ್ಷ್ಯವೇ ಅಳಿಸಿಹೋಗುತ್ತದೆ.

ಸಾಕ್ಷ್ಯ ಇರುವುದು ನಾಣ್ಯದಲ್ಲಷ್ಟೇ ಅಲ್ಲ, ಅದು ಸಿಕ್ಕ ಜಾಗದಲ್ಲೂ. ಆ ಜಾಗದ ಬೆಲೆ ಕನ್ನಡಿಗರಿಗೆ ಹೊಸದಲ್ಲ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ದೊರೆತದ್ದು ಅಲ್ಲಿನ ಪದರಗಳ ಕಾಲ ತಿಳಿಯಲು ನೆರವಾಯಿತು. ಅದೇ ನಾಣ್ಯ ಊರು ಗೊತ್ತಿಲ್ಲದೆ ಹರಾಜಿಗೆ ಬಂದಿದ್ದರೆ ಬರೀ ಬೆಳ್ಳಿ. ಆದ್ದರಿಂದ ಸಾಮ್ರಾಜ್ಞಿಯ ನಾಣ್ಯ ಕೊಳ್ಳಬಯಸುವವರು ಅದು ಎಲ್ಲಿಂದ, ಯಾರ ಸಂಗ್ರಹದಿಂದ ಬಂತೆಂದು ದಾಖಲೆ ಸಮೇತ ಕೇಳಬೇಕು. ಉತ್ತರ ಸಿಗದಿದ್ದರೆ ಕೊಳ್ಳಬಾರದು. ಕೊಂಡ ಮೇಲೆ ಹಸಿರು ಕಿಲುಬನ್ನು ಉಜ್ಜಿ ಹೊಳಪು ಕೊಡಲೂಬಾರದು.