ಲಿಂಡನ್ ಮರಗಳ ಕೆಳಗೆ

ಕನ್ನಡಕ್ಕೆ ನಿಘಂಟು ಕಟ್ಟಿಕೊಟ್ಟ ಕಿಟೆಲ್, ಮಲೆಯಾಳಕ್ಕೆ ನಿಘಂಟು ಕಟ್ಟಿಕೊಟ್ಟ ಗುಂಡರ್ಟ್ ಇಬ್ಬರೂ ಜರ್ಮನರು. ಹಾಗಾಗಿ ಎರಡು ಭಾಷೆಗಳ ನಡುವೆ ಬಾಳುವ ನಮಗೆ ಜರ್ಮನಿ ತೀರ ಅಪರಿಚಿತ ದೇಶವಲ್ಲ. ಅದರ ರಾಜಧಾನಿ ಬರ್ಲಿನ್ನಿನಲ್ಲಿ 'ಉಂಟರ್ ಡೆನ್ ಲಿಂಡನ್' ಎಂಬ ಹೆಸರಿನ ಒಂದು ರಾಜಬೀದಿಯಿದೆ. ಕನ್ನಡದಲ್ಲಿ ಹೇಳುವುದಾದರೆ 'ಲಿಂಡನ್ ಮರಗಳ ಕೆಳಗೆ'. ಸುಮಾರು 1.5 ಕಿಲೋಮೀಟರ್ ಉದ್ದ, 60 ಮೀಟರ್ ಅಗಲದ ಬೀದಿ. ಅದರ ನಡುವೆ ಮರಗಳ ಸಾಲಿನಲ್ಲಿ ಕಾಲ್ನಡಿಗೆಯವರಿಗಾಗಿ ವಿಶಾಲವಾದ ಹಾದಿ. ಈ ಸಾಲುಮರಗಳ ಚರಿತ್ರೆಯನ್ನು ಗಡಿನಾಡಿನವರು ಒಮ್ಮೆ ಓದಬೇಕು.

ಇಂಗ್ಲಿಷಿನಲ್ಲಿ ಲಿಂಡನ್ನಿಗೆ 'ಲೈಮ್' ಎಂಬ ಹೆಸರೂ ಇರುವುದರಿಂದ ಅದನ್ನು ನಿಂಬೆಯೆಂದು ತಿಳಿಯಬಾರದು. ಅದು ಹೃದಯದಾಕಾರದ ಎಲೆಗಳ ಹೆಮ್ಮರ. ಬೇಸಗೆಯ ಮೊದಲಲ್ಲಿ ಘಮಘಮಿಸುವ ಹೂ ಬಿಡುತ್ತದೆ. ಹೂವನ್ನು ಒಣಗಿಸಿ ಕಷಾಯ ಮಾಡಿ ಕುಡಿಯುತ್ತಾರೆ. ಹಿಂದೆ ಜರ್ಮನಿಯ ಹಳ್ಳಿಗಳಲ್ಲಿ ಲಿಂಡನ್ ಮರದ ಬುಡದಲ್ಲಿಯೇ ನ್ಯಾಯ ಪಂಚಾಯತಿ ಕೂಡುತ್ತಿತ್ತು, ಹಬ್ಬದ ದಿನ ಕುಣಿತವೂ ಅಲ್ಲಿಯೇ. ನಮ್ಮ ಅಶ್ವತ್ಥಕಟ್ಟೆ, ಮಲೆಯಾಳದ ಆಲ್ತರ ಏನಾಗಿತ್ತೋ ಅವರಿಗೆ ಲಿಂಡನ್ ಅದೇ ಆಗಿತ್ತು.

ದಾರಿ ಹುಟ್ಟಿದ್ದು ಮಾತ್ರ ಅರಸರ ಅನುಕೂಲಕ್ಕಾಗಿ. ಅರಮನೆಯಿಂದ ಬೇಟೆಯ ಕಾಡಿಗೆ ಕುದುರೆಯೇರಿ ಹೋಗಲು 1573ರಲ್ಲಿ ಹಾದಿಯೊಂದನ್ನು ಮಾಡಿದರು. ಮೂವತ್ತು ವರ್ಷಗಳ ಯುದ್ಧ ಮುಗಿಯುವ ಮುನ್ನ, 1647ರಲ್ಲಿ, ಬ್ರಾಂಡೆನ್‌ಬುರ್ಗಿನ ದೊರೆ ಫ್ರೀಡ್ರಿಕ್ ವಿಲ್‌ಹೆಲ್ಮ್ ಅದರ ಬದಿಗಳಲ್ಲಿ ಲಿಂಡನ್ ಮರಗಳನ್ನು ನೆಡಿಸಿದ. ಮುಂದೆ ಈ ಬೀದಿಯ ಬದಿಯಲ್ಲಿ ನಾಟಕಶಾಲೆ ಬಂತು, 1810ರಲ್ಲಿ ವಿಶ್ವವಿದ್ಯಾಲಯ ಬಂತು, ಆಮೇಲೆ ದೊಡ್ಡ ಗ್ರಂಥಾಲಯ ಬಂತು. 1791ರಲ್ಲಿ ಪಡುವಣ ತುದಿಯಲ್ಲಿ ಬ್ರಾಂಡೆನ್‌ಬುರ್ಗ್ ಮಹಾದ್ವಾರ ಪೂರ್ಣಗೊಂಡಿತು.

ಸಂಜೆಯ ತಿರುಗಾಟಕ್ಕೆ ಊರಿನವರೆಲ್ಲ ಮರಗಳ ಕೆಳಗೆ ಬರುತ್ತಿದ್ದರು ನಿಜ. ಆದರೆ ದಾರಿ ಪೂರ್ತಿಯಾಗಿ ಅವರದಾಗಿರಲಿಲ್ಲ. ಮಹಾದ್ವಾರದ ನಡುವಿನ ಹಾದಿ ರಾಜಮನೆತನಕ್ಕೆ ಮೀಸಲು. ಬೀದಿಯಲ್ಲಿ ಚುಟ್ಟ ಸೇದುವುದಕ್ಕೂ ನಿಷೇಧವಿತ್ತು. ಅದು ತೆಗೆದುಹೋಗಬೇಕಾದರೆ 1848ರ ಕ್ರಾಂತಿಯೇ ಆಗಬೇಕಾಯಿತು. ಹಾದಿಯಿದ್ದ ಮಾತ್ರಕ್ಕೆ ಅದು ಸಾರ್ವಜನಿಕ ಸ್ಥಳವಾಗುವುದಿಲ್ಲ; ಜನರು ಹಕ್ಕಿನಿಂದ ನಡೆದಾಗಲೇ ಆಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಹಕ್ಕಿಗೇ ಸಂಚಕಾರ ಬಂತು. 1933ರ ಮೇ 10ರ ರಾತ್ರಿ, ವಿಶ್ವವಿದ್ಯಾಲಯದ ಎದುರಿನ ನಾಟಕಶಾಲೆಯ ಚೌಕದಲ್ಲಿ ನಾಜಿಗಳು ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಸುಟ್ಟವರಲ್ಲಿ ಓದುಬರಹ ಬಲ್ಲ ವಿದ್ಯಾರ್ಥಿಗಳೂ ಇದ್ದರು. ಅನಂತರದ ವರ್ಷಗಳಲ್ಲಿ ನೆಲದಡಿಯ ರೈಲಿಗೆಂದು, ಮೆರವಣಿಗೆಗೆ ಬೀದಿ ತೆರವಾಗಲೆಂದು ಹಳೆಯ ಲಿಂಡನ್ ಮರಗಳನ್ನು ಕಡಿಯಲಾಯಿತು. ಹೊಸ ಸಸಿಗಳು ಮೋಟು, ದೀಪದ ಕಂಬಗಳು ಉದ್ದ. 'ಇದು ಲಿಂಡನ್ ಮರಗಳ ಕೆಳಗಲ್ಲ, ಲಾಂದ್ರಗಳ ಕೆಳಗೆ' ಎಂದು ಊರಿನ ಜನ ಗೇಲಿ ಮಾಡಿದರಂತೆ. ಯುದ್ಧ ಮುಗಿಯುವಾಗ ಆ ಮರಗಳೂ ಉಳಿಯಲಿಲ್ಲ. ಬಾಂಬಿಗೆ ಸಿಕ್ಕಿದವು ಕೆಲವು, ಚಳಿಗೆ ಸೌದೆಯಾದವು ಕೆಲವು.

1950ರ ದಶಕದಲ್ಲಿ ಪೂರ್ವ ಬರ್ಲಿನ್ನಿನವರು ಮತ್ತೆ ಲಿಂಡನ್‌ಗಳನ್ನೇ ನೆಟ್ಟರು. ಮರಗಳು ಬೆಳೆಯತೊಡಗಿದವು. ಆದರೆ 1961ರ ಆಗಸ್ಟ್ 13ರಂದು ನಗರದ ನಡುವೆ ಗಡಿ ಮುಚ್ಚಿತು. ಮಹಾದ್ವಾರ ಗೋಡೆಯ ಬಳಿಯ ನಿಷಿದ್ಧ ವಲಯಕ್ಕೆ ಸೇರಿಹೋಯಿತು. 28 ವರ್ಷಗಳ ಕಾಲ ಆ ಸಾಲುದಾರಿ ಎಲ್ಲಿಗೂ ಹೋಗದ ದಾರಿಯಾಯಿತು. ಮರಗಳಿದ್ದುವು, ನೆರಳಿತ್ತು, ಹೂವಿನ ಘಮವಿತ್ತು. ತುದಿಯವರೆಗೆ ನಡೆಯುವ ಸ್ವಾತಂತ್ರ್ಯ ಮಾತ್ರ ಇರಲಿಲ್ಲ.

1989ರ ನವೆಂಬರ್ 9ರಂದು ಗಡಿ ತೆರೆಯಿತು. ಡಿಸೆಂಬರ್ 22ರಂದು ಮಹಾದ್ವಾರವೂ ತೆರೆಯಿತು. ಆಮೇಲೆ ನಡೆದ ಪುನರುಜ್ಜೀವನದಲ್ಲಿ ಮೂರು ಸಂಗತಿಗಳು ಗಮನಾರ್ಹ. ಪುಸ್ತಕ ಸುಟ್ಟ ಚೌಕದ ನೆಲದಡಿಯಲ್ಲಿ 1995ರಲ್ಲಿ ಒಂದು ಸ್ಮಾರಕವಾಯಿತು. ಇಸ್ರೇಲಿನ ಕಲಾವಿದ ಮಿಖಾ ಉಲ್ಮನ್ ರೂಪಿಸಿದ ಅದು 20,000 ಪುಸ್ತಕಗಳು ಹಿಡಿಸುವಷ್ಟು ಖಾಲಿ ಕಪಾಟುಗಳ ಕೋಣೆ. ನಡೆಯುವವರು ನಿಂತು ಗಾಜಿನ ಮೂಲಕ ಕೆಳಗೆ ನೋಡಬೇಕು. ಎರಡನೆಯದು, 2002ರಲ್ಲಿ ಮಹಾದ್ವಾರದೊಳಗೆ ವಾಹನ ಸಂಚಾರವನ್ನು ನಿಲ್ಲಿಸಿದುದು. ಅರಸರಿಗೆ ಮೀಸಲಾಗಿದ್ದ ನಡುಹಾದಿಯಲ್ಲಿ ಈಗ ಯಾರೂ ಕಾಲ್ನಡಿಗೆಯಲ್ಲಿ ಹೋಗಬಹುದು. ಮೂರನೆಯದು, 2020ರ ಡಿಸೆಂಬರಿನಲ್ಲಿ ಸುರಂಗ ರೈಲು ಓಡತೊಡಗಿದಾಗಿನ ಸಂಗತಿ. ನಿಲ್ದಾಣ ಕಟ್ಟಲು ಮತ್ತೆ ಕೆಲವು ಮರಗಳನ್ನು ಕಡಿದಿದ್ದರು. ಕೆಲಸ ಮುಗಿದ ಮೇಲೆ ನಡುವಿನ ಕಾಲುಹಾದಿಯನ್ನು ಸರಿಪಡಿಸಿ ಹೊಸ ಲಿಂಡನ್‌ಗಳನ್ನು ನೆಟ್ಟರು. ಎಲ್ಲವೂ ಚೆನ್ನಾಯಿತೆಂದಲ್ಲ. ರಾಯಭಾರ ಕಚೇರಿಗಳೂ ದುಬಾರಿ ಹೋಟೆಲುಗಳೂ ಪ್ರವಾಸಿಗಳೂ ತುಂಬಿದ ಆ ಬೀದಿಯಲ್ಲಿ ಊರಿನ ಸಾಮಾನ್ಯನಿಗೆ ಸಂಜೆ ಕೂರುವ ಕೆಲಸ ಏನಿದೆ ಎಂಬ ಪ್ರಶ್ನೆ ಉಳಿದೇ ಇದೆ.

ಇಂದು ಅಲ್ಲಿ ನಿಂತ ಮರಗಳಲ್ಲಿ 1647ರ ಮರ ಒಂದೂ ಇಲ್ಲ. ಆದರೂ ಬೀದಿಯ ಹೆಸರು ಸುಳ್ಳಾಗಿಲ್ಲ, ಏಕೆಂದರೆ ಕಡಿದ ಪ್ರತಿ ಸಲವೂ ಯಾರೋ ಅದೇ ಜಾತಿಯ ಸಸಿಯನ್ನು ತಂದು ನೆಟ್ಟರು.

ನಮ್ಮ ಗಡಿಗೆ ಬರ್ಲಿನ್ನಿನ ಗೋಡೆಯ ಹೋಲಿಕೆ ಸಲ್ಲದು. 1956ರ ನವೆಂಬರ್ 1ರಂದು ಗೆರೆ ಬಿದ್ದ ಮೇಲೆಯೂ ಮದುವೆ, ಮಾರುಕಟ್ಟೆ, ಯಕ್ಷಗಾನ ಎಲ್ಲವೂ ಆ ಗೆರೆಯನ್ನು ದಾಟುತ್ತಲೇ ಬಂದಿವೆ. ಆದರೂ 2020ರ ಮಾರ್ಚಿನಲ್ಲಿ ಗಡಿಯ ದಾರಿಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕುಟುಂಬಗಳಿಗೆ ದಾರಿ ಮುಚ್ಚುವುದೆಂದರೇನೆಂದು ತಿಳಿಯಿತು. ತಲಪಾಡಿಯಿಂದ ತೆಂಕಕ್ಕೆ ಹೆದ್ದಾರಿ ಅಗಲವಾದಾಗ ದಾರಿ ಬದಿಯ ಅನೇಕ ಮರಗಳೂ ಹೋದವು. ಅಗಲವಾದ ದಾರಿ ಬೇಕು, ಸರಿ. ಮರದ ಬುಡದಲ್ಲಿ ಕನ್ನಡ, ತುಳು, ಮಲೆಯಾಳ, ಬ್ಯಾರಿ, ಕೊಂಕಣಿ ಮಾತುಗಳು ಒಂದನ್ನೊಂದು ಕೇಳಿಸಿಕೊಳ್ಳುತ್ತಿದ್ದವಲ್ಲ, ಆ ಜಾಗವೂ ಬೇಕು.

ಊರಿನ ಪೇಟೆಯಲ್ಲಿ, ಶಾಲೆಯ ಎದುರಿನಲ್ಲಿ, ಕಡಲ ಕರೆಯಲ್ಲಿ ಎಲ್ಲಿ ಸ್ಥಳವಿದೆಯೋ ಅಲ್ಲಿ ಹತ್ತು ಸಸಿಗಳ ಸಾಲು, ಅವುಗಳ ಕೆಳಗೆ ಕಟ್ಟೆ, ಎರಡೂ ಲಿಪಿಗಳಲ್ಲಿ ಬರೆದ ಒಂದು ಫಲಕ: ಇಷ್ಟನ್ನು ಪಂಚಾಯತಿನಿಂದ ಕೇಳಿ ಪಡೆಯುವುದು ನಮ್ಮ ಸಂಘಗಳಿಗೆ ಅಸಾಧ್ಯವಲ್ಲ. ಭಾಷೆಯೂ ಸಾಲುಮರದ ಹಾಗೆಯೇ. ಅಜ್ಜ ನೆಟ್ಟದ್ದನ್ನು ನೆನೆದರೆ ಸಾಲದು. ಮೊಮ್ಮಕ್ಕಳ ಕೈಯಲ್ಲಿ ಸಸಿ ಕೊಡಬೇಕು, ಅದಕ್ಕೆ ನೀರೆರೆಯುವ ಹೊಣೆಯನ್ನೂ ಕೊಡಬೇಕು.